ಗೀರು

ಎರಡು ಗಂಟೆಗೆ ಸರಿಯಾಗಿ ಎಮ್ರಿಸ್ ಅದನ್ನೇ ಹಾಕುತ್ತಿದ್ದ,
ಅಂಟು ಪಾಕದಂಥ ಹಾಡು. "ಥೂ, ಮತ್ತೆ ಇದೇನಾ" ಎಂದು ಬೈಯುತ್ತಲೇ
ಗಂಡಸರು ಗಂಡಸರ ಸೊಂಟಕ್ಕೆ ಕೈ ಹಾಕುತ್ತಿದ್ದೆವು.

ಕಾರ್ಡಿಫ್ ಬಂದರಿನ ಆ ನೆಲಮಾಳಿಗೆಯಲ್ಲಿ
ಗೆಥಿನ್, ಹಡಗಿನ ಅಡುಗೆಯವನು, ಮೈಯೆಲ್ಲ ಈರುಳ್ಳಿ ವಾಸನೆ,
ನನ್ನ ಹೆಗಲಿಗೆ ಗದ್ದವೂರಿ ತಪ್ಪುತಪ್ಪಾಗಿ ಗುನುಗುತ್ತಿದ್ದ.

"ಎಂದೆಂದಿಗೂ" ಅನ್ನುವಲ್ಲಿ ತಟ್ಟೆಗೊಂದು ಗೀರು.
ಎಂದೆಂ... ಎಂದೆಂ... ಎಂದೆಂ...
ಎಮ್ರಿಸ್ ತನ್ನ ಕೆಂಪು ಹೀಲ್ಸಿನಿಂದ ಮೇಜಿಗೆ ಒದೆಯುವ ತನಕ
ಅಲ್ಲೇ ತೂಗುತ್ತಿದ್ದೆವು.
ಆಮೇಲೆ ಟ್ಯೂಬ್‌ಲೈಟು. ಕೋಟು.
ಬೀದಿಗಿಳಿದರೆ ನಮ್ಮಿಬ್ಬರ ನಡುವೆ ಒಂದು ಮಾರು.

ಇವತ್ತು ಕ್ಷೌರದಂಗಡಿಯ ರೇಡಿಯೋದಲ್ಲಿ ಬಂತು.
ಗೀರಿಲ್ಲ. ಸಲೀಸಾಗಿ ದಾಟಿಹೋಯಿತು ಆ ಪದ.
"ಅಲ್ಲಾಡಬೇಡಿ ಸಾರ್" ಎಂದ ಹುಡುಗ.
ನನ್ನ ಕಾಲು ಆಗಲೇ ಒದ್ದಾಗಿತ್ತು.