ಸೂಳೆಕೆರೆ: ನೋಡುವ ಜಾಗಗಳು

ಮೇಷ್ಟ್ರು ಪಟ್ಟಿ ಕೊಟ್ಟಿದ್ದರು, ಹಾಳೆಯ ಎರಡೂ ಮಗ್ಗುಲಿಗೆ ಬರೆದು:
ಇವರು ಮೋರಗ್, ಸ್ಕಾಟ್ಲೆಂಡಿನವರು,
ಇವರದ್ದೂ ಮೀನು ಹಿಡಿಯೋ ಊರೇ, ಸಮುದ್ರದ ದಂಡೆ,
ಒಂದೇ ದಿನ ಇರೋದು, ಎಲ್ಲ ತೋರಿಸಿಬಿಡು ಓಬ್ಳೇಶಿ.

ಮರುಳವ್ವತ್ತೆ ಅವಳ ಕೂದಲು ಮುಟ್ಟಿ ನೋಡಿ
ಮೆಕ್ಕೆಜೋಳದ ತೆನೆ ಬಿಚ್ಚಿದಂಗೈತೆ ಅಂದಳು.
ಅಲ್ಲಿಂದಾಚೆ ಅವಳು ಮೋರಗವ್ವ.

ಮೊದಲು ಸಂತೇಬೆನ್ನೂರಿನ ಹೊಂಡ.
ನಡುನೀರಲ್ಲಿ ಮಂಟಪ, ಸುತ್ತ ಮೆಟ್ಟಿಲು ಮೆಟ್ಟಿಲು ಮೆಟ್ಟಿಲು.
ಕೆಳಗಿನ ಮೆಟ್ಟಿಲಲ್ಲಿ ಕೂತು
ಮೀನು ಐತಾ ಎಂದು ಕೈಸನ್ನೆಯಲ್ಲಿ ಕೇಳಿದಳು.
ಇದ್ರೂ ಹಿಡಿಯಂಗಿಲ್ಲ,
ಅದನ್ನು ಕೈಸನ್ನೆಯಲ್ಲಿ ಹೇಳೋದು ಹೆಂಗೆ?
ಎದೆ ಮೇಲೆ ಕೈ ಕಟ್ಟಿ ಪೊಲೀಸಿನವನ ಹಾಗೆ ನಿಂತೆ.

ಆಮೇಲೆ ಚನ್ನಗಿರಿ ಗುಡ್ಡದ ಕೋಟೆ. ಗಾಳಿ.
ಇಳಿದ ಮೇಲೆ ಮಂಡಕ್ಕಿ ಮೆಣಸಿನಕಾಯಿ, ಅವಳ ಕಣ್ಣಲ್ಲಿ ನೀರು.
ಎರಡು ತಿಂದಳು. ಮೂರನೆಯದಕ್ಕೆ ಕೈ ಚಾಚಿದಳು.

ಏರಿ, ತೂಬು, ಸಿದ್ದೇಶ್ವರನ ಗುಡಿ.
ಕೆರೆಯ ಹೆಸರು ಕೇಳಿದರೆ
ಶಾಂತಿಸಾಗರ ಅನ್ನು ಅಂದಿದ್ದರು ಮೇಷ್ಟ್ರು.
ಮರುಳವ್ವತ್ತೆ ಬಿಡಲಿಲ್ಲ:
ಸೂಳೆ ಕಟ್ಟಿಸಿದ್ಲಂತೆ, ನಾವು ಉಣ್ತಾ ಇದೀವಿ,
ಮುಚ್ಚಿಡೋದೇನೈತೆ ಅದ್ರಾಗೆ?
ಇಂಗ್ಲಿಷಿಗೆ ತಿರುಗಿಸೋಕೆ ಅಲ್ಲಿ ಯಾರೂ ಇರಲಿಲ್ಲ.

ಹರಿಗೋಲು ಗಿರ್ರಂತ ತಿರುಗಿದರೂ ಅವಳಿಗೆ ತಲೆ ಸುತ್ತಲಿಲ್ಲ.
ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು
ಮೂತಿ ತಿರುವಿದಳು, ನಮ್ಮ ಕೆರೆ ಸಪ್ಪೆ ಅನ್ನೋ ಹಾಗೆ.
ನನಗೆ ಸ್ವಲ್ಪ ಕೋಪವೇ ಬಂತು.
ಉಪ್ಪು ಸಾರಿಗೆ ಹಾಕ್ಕೋತೀವಿ ಕಣಮ್ಮ.

ಬಿಸಿಲು ಇಳಿದಿತ್ತು. ಹಾಳೆಯ ಹಿಂದಿನ ಮಗ್ಗುಲು
ಪೂರ್ತಿ ಬಾಕಿ.
ಗುಡಿಸಲ ಮುಂದೆ ಜಾಲಿ ಗೂಟಕ್ಕೆ ಒಣಹಾಕಿದ್ದ ಬಲೆ,
ಅದರಲ್ಲಿ ಕಾಟ್ಲಾ ಹರಿದುಹೋದ ಒಂದು ಕಣ್ಣು.
ಅವಳು ಚಪ್ಪಲಿ ಬಿಟ್ಟಳು,
ಗುಡಿ ಬಾಗಿಲಲ್ಲಿ ಬಿಡೋದು ಮರೆತಿದ್ದವಳು,
ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಜಗ್ಗಿ ಕೂತು
ದಾರ ಕೊಡು ಎಂದು ಅಂಗೈ ಬಿಚ್ಚಿದಳು.

ಕೆಳಗಿನಿಂದ ತಂದು, ಹಿಂದೆ ಸುತ್ತಿ, ಒಳಗೆ ತೂರಿಸಿ, ಬಿಗಿದು.
ಅಪ್ಪ ನನಗೆ ಕಲಿಸಿದ್ದ ಗಂಟು.
ತಪ್ಪಿದಾಗೆಲ್ಲ ಬೆರಳ ಗೆಣ್ಣಿಗೆ ಕಡ್ಡಿಯಲ್ಲಿ ಬಾರಿಸಿ ಕಲಿಸಿದ್ದು.
ಯಾರು ಕಲಿಸಿದ್ರು ಅಂದೆ, ಕನ್ನಡದಲ್ಲೇ.
ಅವಳು ತನ್ನ ಗೆಣ್ಣಿಗೆ ತಾನೇ ಒಂದು ಪೆಟ್ಟು ಕೊಟ್ಟುಕೊಂಡಳು.

ಹಾಕಿದ ಕಣ್ಣು ನಮ್ಮ ಅಳತೆಗಿಂತ ಒಂದು ಬೆರಳು ಸಣ್ಣದು.
ಅವರ ಮೀನಿನ ಅಳತೆ ಇರಬೇಕು.
ಬಿಚ್ಚಿ ಕಟ್ಟೋ ಅಂತಾಳೆ ಮರುಳವ್ವತ್ತೆ. ಬಿಚ್ಚಿಲ್ಲ.
ಆವಾಗೀವಾಗ ಅದೊಂದರಲ್ಲೇ ಸಿಕ್ಕಿ ಒದ್ದಾಡ್ತಿರ್ತದೆ
ಹೆಬ್ಬೆರಳುದ್ದದ ಜಿಲೇಬಿ ಮರಿ.
ಬಿಟ್ಟುಬಿಡ್ತೀನಿ.