ಹಡಗಿಗೆ ಸ್ಟಾಪಿಲ್ಲ

ಬಂದು ನಾಕು ದಿನ.
ಲಗ್ಗೆರೆಯ ಈ ಬಾಡಿಗೆ ಮನೆಯ ಅಡುಗೆಕೋಣೆ
ಇನ್ನೂ ದಡ ಮುಟ್ಟಿಲ್ಲ.
ಹಾಲುಕ್ಕುವಾಗ ಕಟ್ಟೆ ಹಿಡಿದು ನಿಲ್ಲುತ್ತೇನೆ;
ರೆಡ್ ಆಕ್ಸೈಡಿನ ನೆಲ ಉಸಿರೆಳೆದು ಬಿಡುತ್ತದೆ
ಮಲಗಿದ ಎಮ್ಮೆಯ ಹೊಟ್ಟೆಯ ಹಾಗೆ.

ನಾನು ಯಾರು ಅಂದುಕೊಂಡಿರಿ?
ಇಪ್ಪತ್ತಾರು ವರ್ಷ ಬಿಎಂಟಿಸಿ ಕಂಡಕ್ಟರು, ಚಿಕ್ಕತಾಯಮ್ಮ.
ಕಂಬಿ ಹಿಡಿದವಳಲ್ಲ.
ಬ್ರೇಕಿಗೆ ಇಡೀ ಬಸ್ಸು ಮುಂದಕ್ಕೆ ಬಾಗುವಾಗ
ಸೊಂಟವನ್ನು ಸೀಟಿನ ಮೂಲೆಗೆ ಆನಿಸಿ
ತುಟಿಯಲ್ಲಿ ವಿಷಲ್, ಬೆರಳಸಂದಿಯಲ್ಲಿ ಉದ್ದಕ್ಕೆ ಮಡಿಸಿದ ನೋಟು,
ಚಿಲ್ಲರೆ ಎಣಿಸಿದವಳು.
ವಾಕರಿಸುವವರಿಗೆಲ್ಲ ನನ್ನದೇ ಉಪದೇಶ:
ಹಿಂದಿನ ಚಕ್ರದ ಮೇಲೆ ಕೂರಬೇಡಿ,
ಮೊಬೈಲು ಒಳಗಿಡಿ, ದೂರ ನೋಡಿ,
ನಿಂಬೆಹಣ್ಣಿಗೆ ಉಗುರು ಚುಚ್ಚಿ ಮೂಸಿ,
ಬರೀ ಹೊಟ್ಟೆಯೂ ಬೇಡ, ಬಿರಿಯುವ ಹೊಟ್ಟೆಯೂ ಬೇಡ.

ಹಾಗಾಗಿ ತಂಗಿಯ ಮಗಳು ಶಶಿರೇಖಾ
ಚೆನ್ನೈನಿಂದ ಮೂರು ರಾತ್ರಿಯ ಹಡಗಿಗೆ ಟಿಕೆಟ್ ಮಾಡಿಸಿ
'ಗುಳಿಗೆ ಹೊರಡೋ ಮುಂಚೆನೇ ನುಂಗ್ಬೇಕು ದೊಡ್ಡಮ್ಮ' ಅಂದಾಗ
ನಕ್ಕೆ.
ಪೀಣ್ಯದ ಗುಂಡಿಗಳನ್ನು ದಾಟಿದವಳಿಗೆ
ಉಪ್ಪುನೀರು ಏನು ಮಾಡೀತು?

ಎರಡನೇ ರಾತ್ರಿ ಮಾಡಿತು.

ಬಸ್ಸಿನ ಕುಲುಕಾಟಕ್ಕೆ ಒಂದು ಮರ್ಯಾದೆಯಿದೆ.
ಗುಂಡಿ ಬಂದರೆ ಎಗರುತ್ತದೆ,
ಸಿಗ್ನಲ್ಲಿಗೆ ಸುಮ್ಮನಾಗುತ್ತದೆ.
ಸಮುದ್ರ ನಿಧಾನ ಎತ್ತುತ್ತದೆ, ಇನ್ನೂ ನಿಧಾನ ಇಳಿಸುತ್ತದೆ,
ಕಣ್ಣು ಒಂದು ಹೇಳಿದರೆ ಕಿವಿಯೊಳಗೆ ಯಾರೋ
ಸುಳ್ಳು ಸುಳ್ಳು ಅನ್ನುತ್ತಾರೆ.
ಪನೀರು, ಪಾಯಸ, ಕಲ್ಲಂಗಡಿ
ಎಲ್ಲದರ ಲೆಕ್ಕ ಕಾರ್ಪೆಟ್ಟಿನ ಮೇಲೆ ಒಪ್ಪಿಸಿದೆ
ಡಿಪೋದಲ್ಲಿ ಕಲೆಕ್ಷನ್ ಕಟ್ಟಿದ ಹಾಗೆ, ಪೈಸೆ ಬಿಡದೆ.

ಕೈಗವಸಿನ ಒಬ್ಬ ಹುಡುಗ ಬಂದ. ಮಣಿಪುರದವನಂತೆ.
ಬೈಯಲಿಲ್ಲ. ಮೂಗು ಮುಚ್ಚಲಿಲ್ಲ.
ಮಂಡಿಯೂರಿ ಒರೆಸಿದ.
ಹಸಿರು ಸೇಬಿನ ಹೋಳು ಕೊಟ್ಟ, ಶುಂಠಿ ಕೊಟ್ಟ,
ಓಲಾಟ ಕಡಿಮೆ ಅಂತ ಹಡಗಿನ ನಡುಹೊಟ್ಟೆಗೆ ಕರೆದೊಯ್ದು
ಬೆಳಕು ಹರಿದ ಮೇಲೆ ಡೆಕ್ಕಿಗೆ ತಂದು
ನೀರು ಆಕಾಶ ಸೇರುವ ಗೆರೆ ತೋರಿಸಿ
ಹರಕು ಹಿಂದಿಯಲ್ಲಿ ಹೇಳಿದ:
'ಅದೊಂದೇ ಅಲ್ಲಾಡಲ್ಲ. ಅದನ್ನೇ ನೋಡ್ತಾ ಇರಿ.'

ನೋಡುತ್ತಾ ಇದ್ದೆ.
ಆಗ ಆ ಗೆರೆಯ ಮೇಲಿಂದ ನಡೆದು ಬಂದಳು
ಗೊರಗುಂಟೆಪಾಳ್ಯದ ಹುಡುಗಿ.
ನೀಲಿ ಯೂನಿಫಾರಂ, ರಿಬ್ಬನ್ನಿನ ಎರಡು ಜಡೆ.
ತುಂಬಿದ ಟ್ರಿಪ್ಪು, ಮೊದಲೇ ಇಪ್ಪತ್ತು ನಿಮಿಷ ಲೇಟು,
ಯಾರದೋ ರೇಷ್ಮೆ ಸೀರೆಯ ಮೇಲೇ ವಾಂತಿ ಮಾಡಿಕೊಂಡಿದ್ದಳು.
ವಿಷಲ್ ಊದಿದೆ.
'ಇಳಿ' ಅಂದೆ.
ಅವಳದು ಇನ್ನೂ ಆರು ಸ್ಟಾಪು ಮುಂದೆ.
ಮುಷ್ಟಿಯಲ್ಲಿ ಒದ್ದೆ ಟಿಕೆಟ್ಟು,
ಇಳಿದಳು. ನಾನು ರೈಟ್ ಕೊಟ್ಟೆ.

ನನ್ನನ್ನು ಇಳಿ ಅನ್ನಲು ಅಲ್ಲಿ ಯಾರಿದ್ದರು?
ಹಡಗಿಗೆ ಸ್ಟಾಪಿಲ್ಲ.

ಡಾಕ್ಟರು ಹೇಳಿದರು, ಕೆಲವರಿಗೆ ಹೀಗೆ,
ಕಾಲು ಇಳಿದರೂ ತಲೆ ಇನ್ನೂ ನೀರಲ್ಲೇ ಇರುತ್ತೆ,
ತಾನಾಗೇ ಹೋಗುತ್ತೆ, ನಡೀರಿ, ದೂರ ನೋಡಿ.
ಎಲ್ಲಿದೆ ದೂರ?
ಟೆರೇಸು ಹತ್ತಿದರೆ ಎದುರುಮನೆಯ ಸಿಂಟೆಕ್ಸ್ ಟ್ಯಾಂಕು,
ಅದರಾಚೆ ಮೆಟ್ರೋ ಕಂಬ, ಅದರಾಚೆ ಯಾರದೋ ಒಣಗುವ ಲಂಗ.
ಈ ಊರು ತನ್ನ ದಿಗಂತವನ್ನು
ತರ್ಟಿ ಫಾರ್ಟಿ ಸೈಟು ಮಾಡಿ ಮಾರಿಕೊಂಡು ಎಷ್ಟು ಕಾಲವಾಯಿತೋ.

ಇವತ್ತು ಸುಮ್ಮನೆ ಬಸ್ಸು ಹತ್ತಿದೆ.
ಸೊನ್ನೆ ರೂಪಾಯಿಯ ಟಿಕೆಟ್ಟು, ಕಿಟಕಿ ಪಕ್ಕ.
ಗೇರು ಬಿದ್ದದ್ದೇ ತಡ, ತಲೆ ನಿಂತಿತು.
ನೆಲ ಓಡುತ್ತಿದ್ದರೆ ನಾನು ಸರಿ, ನಿಂತರೇ ಕಷ್ಟ.
ಮಡಿಲಲ್ಲಿ ಮೂರು ಪ್ಲಾಸ್ಟಿಕ್ ಕವರು, ಒಂದು ನಿಂಬೆಹಣ್ಣು.
ಗೊರಗುಂಟೆಪಾಳ್ಯ ಬಂತು. ಹೋಯಿತು.
ಈಗ ಅವಳಿಗೆ ಮೂವತ್ತಾಗಿರಬೇಕು.
ಹತ್ತುವ ಮುಖಗಳಲ್ಲಿ ಬೆವರು ಹುಡುಕುತ್ತಾ ಕೂತೆ;
ಯಾರಿಗೂ ಏನೂ ಆಗಲಿಲ್ಲ.

ಕೊನೇ ಸ್ಟಾಪಿನಲ್ಲಿ ಕಂಡಕ್ಟರ್ ಹುಡುಗ
ಭುಜ ಮುಟ್ಟಿ, ಮೆಲ್ಲಗೆ, 'ಇಳೀರಮ್ಮ' ಅಂದ.

ಕಂಬಿ ಹಿಡಿದು ಇಳಿದೆ.