ಗಂಜಿ ಉಂಡ ನೂಲು

ಗುಳೇದಗುಡ್ಡದಾಗ ನಂದೊಂದು ಪಾರ್ಲರು.
ಹನ್ನೆರಡು ಫೂಟು ಉದ್ದ, ಎಂಟು ಅಗಲ,
ಮೂರು ಕುರ್ಚಿ, ಒಂದರ ಕಾಲು ಕುಂಟು.
ಬಾಗಿಲಿಗೆ ಇಳಿಬಿಟ್ಟ ಪರದೆ, ಅದೂ ಖಣದ್ದ,
ಊರಿನ ಋಣ.

ಬಾಜೂಕ ಮಗ್ಗದ ಮನಿ.
ಹುಬ್ಬು ತಿದ್ದುವಾಗ ಅವರ ಲಾಳಿಯ ಸಪ್ಪಳಕ್ಕ
ನನ್ನ ದಾರನೂ ಓಡತೈತಿ,
ಸಂಜೀ ಆರರ ತನಕ.

ಬೌರವ್ವ ಬಂದದ್ದು ಒಂದು ಮಂಗಳವಾರ.
ಪರದೆಯಾಚೆನ ನಿಂತು,
"ಒಳಗ ಬರಲೇನ್ರಿ? ಕೈ ಅಷ್ಟ ತೋರಸೂದೈತಿ."
ನಾಡಿದ್ದ ಮೈದುನನ ನಿಶ್ಚಯ.
ಹೊಸ ಬಳಿ ಏರಬೇಕಾದ ಮುಂಗೈ
ಬೇಸಿಗಿ ಕೆರಿಯ ಅಂಗಳ.
ಮಾರಿ, ಸುಣ್ಣ ಉದುರೂ ಗೋಡಿ.
ತುಟಿಯ ಅಂಚಿಗೆ ಎರಡು ಗೀರು,
ನಕ್ಕರ ನೆತ್ತರ.
ಆಕಿ ಅದಕ್ಕ ನಗಂಗಿಲ್ಲ.

"ಏನರ ಹಚ್ಚರಿ ಅಕ್ಕಾ, ಎರಡು ದಿನ ನಿಂತರ ಸಾಕು."

ಹಚ್ಚೂದ ನನ್ನ ಹೊಟ್ಟಿಪಾಡು.
ಕಪಾಟಿನ್ಯಾಗ ಮೂವತ್ತೆರಡು ಡಬ್ಬಿ,
ಗುಲಾಬಿದು, ಲೋಳಸರದ್ದು, ಬಾದಾಮಿದು
(ನಮ್ಮ ಬಾಜೂ ಊರಿಂದಲ್ಲ, ತಿನ್ನೂದು).
ಒಂದನ್ನ ಇಳಿಸಿದೆ. ಮುಚ್ಚಳ ತಿರುವಿದೆ.
ಏನನಿಸಿತೋ ಏನೋ, ಕೇಳಿದೆ:
"ನಿನ್ನಿ ಏನು ಉಂಡಿ, ಬೌರವ್ವ?"

"ರೊಟ್ಟಿ."
"ರೊಟ್ಟಿ ಜೋಡಿ?"
ಆಕಿ ಪರದೆಯ ಅಂಚು ನೋಡಿದಳು,
ಉತ್ತರ ಯಾರೋ ಅಲ್ಲೇ ನೇಯ್ದಿಟ್ಟಾರ ಅನ್ನೂವಂಗ.
"ಹತ್ತರಕಿ ಪಲ್ಯ ಮಾಡಿದ್ದೆರಿ, ಹೆಸರುಬ್ಯಾಳಿ ಹಾಕಿ.
ಮಾವ ಉಂಡ್ರು, ನಮ್ಮವರು ಉಂಡ್ರು, ಮೈದುನ ಉಂಡ,
ಹುಡುಗೂರು ಉಂಡ್ರು, ಆಮ್ಯಾಲೆ ಅತ್ತಿ.
ಚೊಲೋ ಆಗಿತ್ತಂತ."
"ಆಗಿತ್ತಂತ?"
"ನಾ ಬೋಗುಣಿ ಒರಿಸಿದೆ, ಕಡೀ ರೊಟ್ಟೀಲೆ.
ಮ್ಯಾಲೊಂದೀಟು ಕೆಂಪುಖಾರ. ಚಾ."

ಮೊಸರು? ನಾಳಿಗೆ ಹೆಪ್ಪಿಗೆ ಬೇಕು.
ಅಗಸಿ ಹಿಂಡಿ? ಮೈದುನನ ಬುತ್ತಿಗೆ.
ಸಂತ್ಯಾಗಿನ ಪೇರಲ? ಹುಡುಗೂರಿಗೆ.
ನೀರರ ಕುಡೀತಿಯೋ ಇಲ್ಲೋ?
"ಕುಣಿಯಾಗ ಕಾಲಿಟ್ಟು ಮಗ್ಗಕ್ಕ ಕುಂತರ
ಎದ್ದೆದ್ದು ಹೋಗಾಕ ಆಗಂಗಿಲ್ರಿ. ಕಮ್ಮಿ."

ನಾ ಡಾಕ್ಟರಲ್ಲ, ಏಳನೇತ್ತಕ್ಕ ಸಾಲಿ ಬಿಟ್ಟಾಕಿ.
ಆದರ ಹದಿನಾಲ್ಕು ವರ್ಷ ಮಾರಿ ತಿಕ್ಕಿದ ಬೆರಳು ಇವು.
ಬಿಸಿಲಿಗೆ ಒಣಗಿದ್ದು ಯಾವುದು,
ಗಂಗಾಳದ ಮುಂದ ಒಣಗಿದ್ದು ಯಾವುದು,
ಮುಟ್ಟಿದರ ತಿಳೀತೈತಿ.

"ಹಾಸು ಮಗ್ಗಕ್ಕ ಏರಿಸೂ ಮೊದಲ ಏನು ಮಾಡತೀರಿ?"
"ಗಂಜಿ ಉಣಸತೀವಿ."
"ಉಣಸದಿದ್ದರ?"
"ಎಳಿ ಹರೀತಾವು. ಅಷ್ಟೂ ತಿಳೀದೇನ್ರಿ ನಿಮಗ, ನೂಲು ಹಸದಿದ್ದರ..."
ಮಾತು ಅಲ್ಲೇ ನಿಂತಿತು.
ಬಾಜೂದ ಲಾಳಿನೂ ನಿಂತಿತ್ತು,
ಕಂಡಿಕಿ ಮುಗಿದಿರಬೇಕು.

ಡಬ್ಬಿ ಮುಚ್ಚಿದೆ.
ಮುಂಗೈಗೆ ಒಂದೀಟು ಕೊಬ್ಬರಿ ಎಣ್ಣಿ ತಿಕ್ಕಿ
ನನ್ನ ಬುತ್ತಿ ಬಿಚ್ಚಿದೆ:
ಗುರೆಳ್ಳು ಚಟ್ನಿ, ಮೊಳಕಿ ಬಂದ ಮಡಿಕಿಕಾಳು,
ಹಸೀ ಮೆಂತ್ಯದ ಸೊಪ್ಪು, ಎಳೀ ಸೌತಿಕಾಯಿ,
ಗಟ್ಟಿ ಮೊಸರು.
"ಮೊದಲ ತುತ್ತು ನಿಂದು" ಅಂದೆ.
ಬಾಗಿಲ ಕಡೆ ನೋಡಕೋತ ಉಂಡಳು,
ಕಳವು ಮಾಡಿದವರಂಗ.
ಸೌತಿಕಾಯಿ ಕಡಿಯೂ ಸಪ್ಪಳಕ್ಕೂ ಅಂಜಿದಳು.

ನಿಶ್ಚಯದ ದಿನ ಮಾರಿಗೇನು ಬೆಳಕು ಬರಲಿಲ್ಲ.
ಎರಡು ದಿನಕ್ಕ ಏನಾದೀತು?
ಫೋಟೋದಾಗ ಹಿಂದಿನ ಸಾಲಿನ್ಯಾಗ ನಿಂತಾಳ,
ಕೈ ಸೆರಗಿನೊಳಗ.

ಎಳ್ಳಮಾಸಿ ದಾಟಿದ ಮ್ಯಾಲೆ ಮತ್ತ ಬಂದಳು,
ಈ ಸಲ ಪರದೆ ಸರಿಸಿ.
"ಪಲ್ಯ ಇಳಿಸಿದ ಕೂಡಲೇ ಒಂದು ಬಟ್ಟಲ ತಗದಿಡತೀನ್ರಿ,
ಗಂಜಿ ಪಾತೇಲಿ ಹಿಂದ, ಯಾರಿಗೂ ಕಾಣದಂಗ.
ಒಂದಿನ ಅತ್ತಿ ಕಂಡರು.
ಎದಿ ಧಸಕ್ಕಂತು. ಏನೂ ಅನಲಿಲ್ಲ.
ಮರುದಿನ ನೋಡತೀನಿ,
ನನ್ನ ಬಟ್ಟಲದ ಬಾಜೂಕ
ಇನ್ನೊಂದು ಬಟ್ಟಲ."

ಹೇಳಕೋತ ನಕ್ಕಳು.
ನನ್ನ ಕಣ್ಣು, ಚಟ ನೋಡ್ರಿ, ತುಟಿಗೇ ಹೋತು.
ಒಂದು ಗೀರು ಮಾಸೈತಿ.
ಇನ್ನೊಂದು ಇನ್ನೂ ಐತಿ.